ಮೊದಲು ನಿಲ್ಲಲಿ, ಆಮೇಲೆ ಓಡಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರ ಕಾಲದಲ್ಲಿ ಹಳೆಯ ಕಾರುಗಳ ವ್ಯಾಪಾರವಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯದೊಂದು ತುಣುಕನ್ನು ಅವರು ನಿಶ್ಚಯವಾಗಿಯೂ ಸೇರಿಸುತ್ತಿದ್ದರು. ಮನೆಯೆಂಬುದು ಎಂದಾದರೊಂದು ದಿನ ಕಟ್ಟಿ ಮುಗಿಯುತ್ತದೆ; ಮದುವೆಯ ಸಾಲವೂ ಹೇಗೋ ತೀರುತ್ತದೆ; ಹಳೆಯ ಕಾರಿನ ಖರ್ಚಾದರೋ ಅದನ್ನು ಕೊಂಡ ದಿನವೇ ಆರಂಭವಾಗುತ್ತದೆ.

ಹೀಗಿದ್ದರೂ ಓದುವ ವಯಸ್ಸಿನ ತರುಣರಿಗೆ ಹಳೆಯ ಕಾರಿನ ಮೇಲಿರುವ ಮೋಹ ಕಡಮೆಯಾಗಿಲ್ಲ. ಹೊಸ ಕಾರಿನ ಬೆಲೆ ಮಧ್ಯಮ ವರ್ಗದ ಸಂಸಾರಕ್ಕೆ ವರ್ಷಗಟ್ಟಲೆ ಕಂತು ಕಟ್ಟುವ ಹೊರೆ. ಹಳೆಯದಾದರೆ ಒಂದು ಒಳ್ಳೆಯ ಮೋಟಾರ್ ಸೈಕಲ್ಲಿನ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಮೆಗೆ ದೊರೆತೀತು. ಮಳೆಯಲ್ಲಿ ನೆನೆಯದೆ ಕಾಲೇಜಿಗೆ ಹೋಗಬಹುದು. ಮಂಡಿನೋವಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬಹುದು. ಎಲ್ಲಕ್ಕೂ ಮಿಗಿಲಾಗಿ ತನ್ನ ಕೈಯಿಂದಲೇ ಬಿಚ್ಚಿ, ಜೋಡಿಸಿ, ಯಂತ್ರದ ಮರ್ಮವನ್ನು ಅರಿಯಬಹುದು. ಆದರೆ ಈ ಆಸೆಯಲ್ಲಿ ಒಂದು ಅಪಾಯವೂ ಅಡಗಿದೆ. ಕೈಯಲ್ಲಿರುವ ಅಲ್ಪ ಹಣವನ್ನು ಮೊದಲು ಯಾವುದಕ್ಕೆ ಸುರಿಯಬೇಕು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನು ಹಣವನ್ನು ಮಾತ್ರವಲ್ಲ, ಜೊತೆಯಲ್ಲಿ ಕುಳಿತವರ ಪ್ರಾಣವನ್ನೂ ಪಣಕ್ಕಿಟ್ಟಂತಾಗುತ್ತದೆ.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಒಬ್ಬ ಹುಡುಗನನ್ನು ಓದುಗರು ಕಲ್ಪಿಸಿಕೊಳ್ಳಬಹುದು. ತಂದೆ ಶಾಲೆಯ ಉಪಾಧ್ಯಾಯರು. ಎರಡು ವರ್ಷ ಸಂಜೆಯ ಹೊತ್ತು ಚಿಕ್ಕ ಮಕ್ಕಳಿಗೆ ಗಣಿತದ ಪಾಠ ಹೇಳಿ ಹುಡುಗ ಕೂಡಿಟ್ಟದ್ದು 45,000 ರೂಪಾಯಿ; ಹೆಂಡತಿಯ ಮಾತಿಗೆ ಕಟ್ಟುಬಿದ್ದು ತಂದೆ ಸೇರಿಸಿದ್ದು 30,000. ಒಟ್ಟು 75,000 ರೂಪಾಯಿಯಲ್ಲಿ ಕಾರು ಬರಬೇಕು, ದುರಸ್ತಿಯಾಗಬೇಕು, ಬರುವ ರಜೆಯಲ್ಲಿ ತಾಯಿಯ ಬಹುದಿನಗಳ ಹರಕೆ ತೀರಿಸಲು ಆಗುಂಬೆಯ ಘಾಟಿ ಇಳಿದು ಉಡುಪಿಗೂ ಹೋಗಿಬರಬೇಕು. ಇಂಥ ಮನೆಗಳು ಕರ್ನಾಟಕದ ಯಾವ ಊರಿನಲ್ಲಿ ಇಲ್ಲ?

ಚಿಕ್ಕ ಕಾರು, ದೊಡ್ಡ ಚರಿತ್ರೆ

ಹುಡುಗನ ಕಣ್ಣಿಗೆ ಬಿದ್ದದ್ದು 2009ರಲ್ಲಿ ತಯಾರಾದ ಒಂದು ಮಾರುತಿ 800. ಬಡ ವಿದ್ಯಾರ್ಥಿಗೆ ಇದಕ್ಕಿಂತ ಒಪ್ಪುವ ಕಾರು ಭಾರತದಲ್ಲಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಎಂಬವರ ಕೈಗೆ ಮೊದಲನೆಯ ಮಾರುತಿ ಕಾರಿನ ಕೀಲಿಕೈಯನ್ನು ಇತ್ತರು. ಅಂದು ಅದರ ಬೆಲೆ ಸುಮಾರು 50,000 ರೂಪಾಯಿ. ಅದುವರೆಗೆ ಭಾರವಾದ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳನ್ನು ಮಾತ್ರ ಕಂಡಿದ್ದ ಜನರು ಜಪಾನಿನ ಸುಜುಕಿ ಸಂಸ್ಥೆಯ ಈ ಹಗುರಾದ ಕಾರನ್ನು ಮೊದಮೊದಲು ಆಟಿಕೆಯಂತೆ ನೋಡಿದರು. ಆಮೇಲೆ ಸಾಲುಗಟ್ಟಿ ನಿಂತು ಕೊಂಡರು. ಮೂರು ಸಿಲಿಂಡರುಗಳ, 796 ಸಿ.ಸಿ.ಯ ಪುಟ್ಟ ಎಂಜಿನ್ನು. ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಒಟ್ಟು ತೂಕ ಸುಮಾರು 650 ಕಿಲೋಗ್ರಾಂ. 1986ರಲ್ಲಿ ಮೈಕಟ್ಟು ಬದಲಾಯಿತು. ಮುಂದೆ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರುಗಳು ಬಂದವು. ಹೊಗೆಯ ಬಗೆಗಿನ ನಿಯಮಗಳು ಬಿಗಿಯಾದಾಗ 2010ರ ಏಪ್ರಿಲ್‌ನಿಂದ ಬೆಂಗಳೂರೂ ಸೇರಿದಂತೆ 13 ದೊಡ್ಡ ನಗರಗಳಲ್ಲಿ ಇದರ ಮಾರಾಟ ನಿಂತಿತು. ಚಿಕ್ಕ ಊರುಗಳಲ್ಲಿ ಮಾತ್ರ ಕೆಲವು ವರ್ಷ ಮುಂದುವರಿದು, 2014ರ ಜನವರಿಯಲ್ಲಿ ತಯಾರಿಕೆಯೇ ಕೊನೆಗೊಂಡಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು.

ವಿದ್ಯಾರ್ಥಿಗೆ ಮುಖ್ಯವಾದದ್ದು ಈ ಕೊನೆಯ ಸಂಖ್ಯೆಯೇ. ಇಷ್ಟು ಕಾರುಗಳು ಓಡಿದ ದೇಶದಲ್ಲಿ ಬಿಡಿಭಾಗಕ್ಕೆ ಬರವಿಲ್ಲ. ತಾಲ್ಲೂಕು ಕೇಂದ್ರದ ಮೇಸ್ತ್ರಿಗೂ ಈ ಎಂಜಿನ್ನು ಅಂಗೈಯ ಗೆರೆಯಷ್ಟು ಪರಿಚಿತ. ಊರಿನಲ್ಲಿ ಸಿಗದ ವಸ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಸ್ಸಿನಲ್ಲಿ ಮರುದಿನವೇ ಬಂದೀತು. ಹಳೆಯ ಕಾರನ್ನು ಆರಿಸುವಾಗ ಅಂದಕ್ಕಿಂತಲೂ ಈ ಅನುಕೂಲವನ್ನು ಮೊದಲು ನೋಡಬೇಕು. ಅಪರೂಪದ ವಿದೇಶಿ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ಕೊಂಡವನು, ಒಂದು ಬಾಗಿಲಿನ ಹಿಡಿಗಾಗಿ ಆರು ತಿಂಗಳು ಕಾಯಬೇಕಾದೀತು.

ನೀರಿನಲ್ಲಿರುವ ಎಮ್ಮೆ

ತೊಳೆದು ಮೇಣ ಹಚ್ಚಿ ನಿಲ್ಲಿಸಿದ ಹಳೆಯ ಕಾರಿಗೆ ಬೆಲೆ ಕಟ್ಟುವುದೆಂದರೆ ನೀರಿನಲ್ಲಿರುವ ಎಮ್ಮೆಯನ್ನು ವ್ಯಾಪಾರ ಮಾಡಿದಂತೆಯೇ. ಎಮ್ಮೆಯನ್ನು ದಡಕ್ಕೆ ಎಳೆದು ನೋಡುವ ಉಪಾಯಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ.

ಮಲೆನಾಡಿನ ಮಳೆಯಲ್ಲಾಗಲಿ, ಕರಾವಳಿಯ ಉಪ್ಪುಗಾಳಿಯಲ್ಲಾಗಲಿ ಬಾಳಿದ ಕಾರಿಗೆ ಮೊದಲ ಶತ್ರು ತುಕ್ಕು. ಎಂಜಿನ್ನು ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ಮೈಯ ತಗಡೇ ತಿಂದುಹೋದರೆ ಕಾರಿನ ಆಯುಷ್ಯ ಮುಗಿದಂತೆ. ಆದುದರಿಂದ ಒಳಗೆ ಹಾಸಿದ ಜಮಖಾನವನ್ನು ಎತ್ತಿ ಕಾಲಿಡುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಾಗಿಲುಗಳ ಕೆಳ ಅಂಚು, ಬ್ಯಾಟರಿಯ ತಟ್ಟೆಯ ಅಡಿ, ಮುಂದಿನ ಷಾಕ್ ಅಬ್ಸಾರ್ಬರುಗಳು ಮೈಗೆ ಸೇರುವ ತಾಣ ಇವನ್ನು ಟಾರ್ಚು ಹಿಡಿದು ಪರೀಕ್ಷಿಸಬೇಕು. ನೆಲ ತೂತಾದ ಕಾರಿನಲ್ಲಿ ಸೈಲೆನ್ಸರಿನ ಕೊಳವೆಯೂ ಸೋರುತ್ತಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ನುಗ್ಗಬಹುದು. ಕಿಟಕಿ ಮುಚ್ಚಿ ಕುಳಿತವರಿಗೆ ಅದು ನಿದ್ರೆಯಂತೆ ಬಂದು ಪ್ರಾಣವನ್ನೇ ಕೊಂಡೊಯ್ದೀತು. ಮೇಲೆ ಥಳುಕು ಒಳಗೆ ಹುಳುಕು ಎಂಬುದನ್ನು ಕಂಡುಹಿಡಿಯಲು ತೆಳುವಾದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದು ಸಾಕು. ತಗಡಿದ್ದಲ್ಲಿ ಅದು ಅಂಟುತ್ತದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಲ್ಲಿ ಜಾರಿ ಬೀಳುತ್ತದೆ.

ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ‘ನೀವು ಬರುತ್ತೀರೆಂದು ಈಗತಾನೇ ಸ್ಟಾರ್ಟು ಮಾಡಿ ಇಟ್ಟಿದ್ದೆ’ ಎಂದು ಮಾರುವವನು ಉಪಚಾರದ ಮಾತಾಡಿದರೆ ಕೊಳ್ಳುವವನು ಎಚ್ಚರಗೊಳ್ಳತಕ್ಕದ್ದು. ಬಿಸಿ ಎಂಜಿನ್ನು ತನ್ನ ಬಹಳಷ್ಟು ರೋಗಗಳನ್ನು ಮರೆಸಿಬಿಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದೂ, ಕರಿಯ ಹೊಗೆ ಬಂದರೆ ಪೆಟ್ರೋಲು ಅತಿಯಾಗಿ ಹೋಗುತ್ತಿದೆಯೆಂದೂ, ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರಿನೊಳಗೆ ಸೇರುತ್ತಿರಬಹುದೆಂದೂ ತಿಳಿಯಬೇಕು. ಎಣ್ಣೆ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದಾಗ ಒಳಬದಿಯಲ್ಲಿ ಮಜ್ಜಿಗೆಯಂಥ ಬಿಳಿಯ ಮಡ್ಡಿ ದಪ್ಪವಾಗಿ ಕಂಡರೆ ಆ ಸಂಶಯ ಮತ್ತಷ್ಟು ಬಲವಾಗುತ್ತದೆ.

ಆಮೇಲೆ ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಮೆಲ್ಲನೆ ಓಡಿಸಬೇಕು. ಮುಂದಿನ ಚಕ್ರದಿಂದ ‘ಕಟಕಟ’ ಸದ್ದು ಬಂದರೆ ಆ್ಯಕ್ಸಲಿನ ಕೀಲು ಸವೆದಿದೆ. ನಿಂತ ಕಾರಿನಲ್ಲಿ ಬ್ರೇಕಿನ ಪೆಡಲನ್ನು ಒತ್ತಿ ಅರ್ಧ ನಿಮಿಷ ಹಾಗೆಯೇ ಹಿಡಿಯಬೇಕು. ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ. ಎಷ್ಟು ಮೈಲಿ ಓಡಿದೆಯೆಂಬ ಮೀಟರಿನ ಅಂಕೆಯನ್ನು ನಂಬುವುದಕ್ಕಿಂತ ಪೆಡಲುಗಳ ರಬ್ಬರು ಎಷ್ಟು ಸವೆದಿದೆಯೆಂದು ನೋಡುವುದು ಮೇಲು. ಅಂಕೆಯನ್ನು ಹಿಂದಕ್ಕೆ ತಿರುಗಿಸಬಹುದು. ಸವೆದ ರಬ್ಬರು ಮತ್ತೆ ಬೆಳೆಯುವುದಿಲ್ಲ.

ಕಾಗದಕ್ಕೂ ಹಿಡಿಯುವ ತುಕ್ಕು

ಹುಡುಗ ಇಷ್ಟೆಲ್ಲ ನೋಡಿ, ಕಾರು ಮೆಚ್ಚಿ, ಬೆಲೆ 50,000ಕ್ಕೆ ಇಳಿದಾಗ ಉತ್ಸಾಹದಿಂದ ಕೈ ನೀಡಲಿದ್ದ. ತಂದೆ ಮಾತ್ರ ಕನ್ನಡಕ ಸರಿಪಡಿಸಿಕೊಂಡು ನೋಂದಣಿ ಪತ್ರವನ್ನು ಓದತೊಡಗಿದರು.

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. 2009ರ ಕಾರಿಗೆ ಅದು 2024ರಲ್ಲಿಯೇ ಮುಗಿದಿತ್ತು. ಮಾರುವವನು ಆ ಮಾತನ್ನೇ ಎತ್ತಿರಲಿಲ್ಲ. ಮುಂದೆ ಓಡಿಸಬೇಕಾದರೆ ಸಾರಿಗೆ ಇಲಾಖೆಯವರು ಕಾರನ್ನು ಪರೀಕ್ಷಿಸಿ ಯೋಗ್ಯವೆಂದು ಒಪ್ಪಬೇಕು. ಆಗ ಐದು ವರ್ಷಗಳಿಗೆ ನವೀಕರಣ ದೊರೆಯುತ್ತದೆ. ಈ ಶುಲ್ಕ ಮೊದಲು 600 ರೂಪಾಯಿಯಿದ್ದದ್ದು 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ತಡ ಮಾಡಿದ ತಿಂಗಳುಗಳಿಗೆ ದಂಡ ಬೇರೆ. ಹಳೆಯ ಕಾರು ಏಕೆ ಅಷ್ಟು ಅಗ್ಗ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅನೇಕ ವೇಳೆ ಈ ಒಂದು ಹಾಳೆಯಲ್ಲಿಯೇ ಇರುತ್ತದೆ.

ತಂದೆ ಪತ್ರವನ್ನು ಮಡಚಿ, ‘ನವೀಕರಣ ಮಾಡಿಸಿ ಕೊಡಿ, ಇಲ್ಲವೇ ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿ’ ಎಂದರು. ಅರ್ಧ ಗಂಟೆಯ ಮಾತುಕತೆಯ ನಂತರ ಬೆಲೆ 42,000ಕ್ಕೆ ನಿಂತಿತು. ಹಳೆಯ ಸಾಲ ತೀರಿದೆಯೇ, ಎಂಜಿನ್ನಿನ ಮತ್ತು ಛಾಸಿಯ ಸಂಖ್ಯೆಗಳು ಪತ್ರದೊಡನೆ ಹೊಂದುತ್ತವೆಯೇ ಎಂಬುದನ್ನೂ ಅವರು ನೋಡಿದರು. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗಿ ಮಾಲೀಕತ್ವ ಹೊಸಬರ ಹೆಸರಿಗೆ ವರ್ಗವಾಗಬೇಕು. ಹಾಗಾಗದಿದ್ದರೆ ಅಪಘಾತವಾದಾಗ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಕೊಳ್ಳುವವನಿಗಿಂತ ಮಾರುವವನೇ ಇದರಲ್ಲಿ ಹೆಚ್ಚು ಆತುರ ತೋರಬೇಕು. ಆದರೆ ಲೋಕದಲ್ಲಿ ನಡೆಯುವುದು ಬೇರೆ. ಮೂರನೆಯವರ ಹಾನಿಗೆ ಸಂಬಂಧಿಸಿದ ವಿಮೆಯಂತೂ ಕಾಯಿದೆಯ ಪ್ರಕಾರ ಕಡ್ಡಾಯ. 1000 ಸಿ.ಸಿ.ಗೆ ಮೀರದ ಕಾರಿಗೆ 2022ರ ಜೂನ್‌ನಲ್ಲಿ ಗೊತ್ತುಪಡಿಸಿದ ವಾರ್ಷಿಕ ಕಂತು 2,094 ರೂಪಾಯಿ. ಇದನ್ನು ಉಳಿಸಲು ಹೋದವನು ಕೈಯಲ್ಲಿದ್ದ ಕೊಡೆಯನ್ನು ಮಾರಿ ಮಳೆಗೆ ಹೊರಟಂತೆ.

ಎರಡು ಪಟ್ಟಿಗಳು

ಕಾರು ಮನೆಗೆ ಬಂದ ರಾತ್ರಿ ಹುಡುಗ ಒಂದು ಪಟ್ಟಿ ಬರೆದ. ಅಗಲವಾದ ಟೈರು, ಹೊಳೆಯುವ ಅಲಾಯ್ ಚಕ್ರಗಳು, ಹಾಡು ಕೇಳಲು ಸ್ಪೀಕರು, ಗುಡುಗುವ ಸೈಲೆನ್ಸರು, ಹೆಚ್ಚು ವ್ಯಾಟಿನ ದೀಪಗಳು, ಹೊಸ ಬಣ್ಣ. ಉಳಿದಿದ್ದ 33,000 ರೂಪಾಯಿಯಲ್ಲಿ ನೋಂದಣಿ ಮತ್ತು ವಿಮೆಯ ಹಣವನ್ನು ತೆಗೆದಿಟ್ಟ ಮೇಲೂ ಇವುಗಳಲ್ಲಿ ಕೆಲವಾದರೂ ಆದಾವು ಎಂಬುದು ಅವನ ಲೆಕ್ಕ.

ಮರುದಿನ ಗ್ಯಾರೇಜಿನಲ್ಲಿ ವಯಸ್ಸಾದ ಮೇಸ್ತ್ರಿ ಆ ಪಟ್ಟಿಯನ್ನು ಕೇಳಿ ನಗಲಿಲ್ಲ, ಬೇಡವೆನ್ನಲೂ ಇಲ್ಲ. ಜ್ಯಾಕು ಹಾಕಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿ, ಹಿಂದಿನ ಚಕ್ರವನ್ನು ಬಿಚ್ಚಿ, ಡ್ರಮ್ಮನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಹೊರಗೆಳೆದರು. ಒಳಗಿದ್ದ ಬ್ರೇಕ್ ಷೂ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು.

‘ತಮ್ಮಾ, ಬೆರಳಿಟ್ಟು ನೋಡು. ಇದು ಬ್ರೇಕ್ ಆಯಿಲ್. ಒಳಗಿನ ರಬ್ಬರು ಸೋತು ಇಲ್ಲಿ ಸೋರಿದೆ. ಉಡುಪಿಗೆ ಹೋಗ್ತೀವಿ ಅಂದೆಯಲ್ಲಾ, ಅಮ್ಮನ್ನ ಕೂರಿಸ್ಕೊಂಡು ಈ ಗಾಡೀಲಿ ಆಗುಂಬೆ ಇಳಿಸ್ತೀಯಾ?’

ಹುಡುಗ ಉತ್ತರ ಕೊಡಲಿಲ್ಲ. ಜೇಬಿನಲ್ಲಿದ್ದ ಪಟ್ಟಿಯನ್ನು ತೆಗೆದು ಅದರ ಬೆನ್ನಿಗೆ ಎರಡನೆಯದೊಂದು ಪಟ್ಟಿಯನ್ನು ಬರೆಯತೊಡಗಿದ. ಮೇಸ್ತ್ರಿ ಹೇಳುತ್ತ ಹೋದರು.

ಆ ಎರಡನೆಯ ಪಟ್ಟಿಯಲ್ಲಿ ಮೊದಲನೆಯದು, ಕಾರನ್ನು ನಿಲ್ಲಿಸುವ ಭಾಗಗಳು. ಹಿಂದಿನ ಚಕ್ರಗಳ ಸಿಲಿಂಡರು ಮತ್ತು ಷೂ, ಮುಂದಿನ ಡಿಸ್ಕಿನ ಪ್ಯಾಡು, ಬಿರುಕುಬಿಟ್ಟ ರಬ್ಬರು ಕೊಳವೆಗಳು, ಹೊಸ ಬ್ರೇಕ್ ಆಯಿಲ್. ಈ ದ್ರವದ ಸ್ವಭಾವವನ್ನು ಬಹಳ ಜನ ಬಲ್ಲವರಲ್ಲ. ಅದು ಗಾಳಿಯಲ್ಲಿರುವ ತೇವವನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ಇಂಥ ಕಾರಿಗೆ ಹಾಕುವ ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದೆ ನಿಲ್ಲಬೇಕು. ತೇವ ಹೀರಿದ ಮೇಲೆ ಆ ಮಿತಿ 140ರ ಆಸುಪಾಸಿಗೆ ಇಳಿಯುತ್ತದೆ. ಘಾಟಿಯಲ್ಲಿ ಪೆಡಲನ್ನು ಒತ್ತಿಕೊಂಡೇ ಇಳಿದರೆ ಬ್ರೇಕು ಕಾಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದುದರಿಂದ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಬೇಕೆಂದು ಹೇಳುವುದು ಇದೇ ಕಾರಣದಿಂದ. ಅದರ ಬೆಲೆಯಾದರೋ ಒಂದು ಸಿನಿಮಾ ನೋಡಿಬರುವ ಖರ್ಚಿಗಿಂತ ಹೆಚ್ಚಲ್ಲ.

ಎರಡನೆಯದು, ನೆಲವನ್ನು ಹಿಡಿಯುವ ಭಾಗಗಳು. ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಮೆಯಾದರೆ ಒದ್ದೆ ರಸ್ತೆಯಲ್ಲಿ ಅದನ್ನು ನೆಚ್ಚುವಂತಿಲ್ಲ. ಆಳವಿದ್ದರೂ ವಯಸ್ಸನ್ನು ನೋಡಬೇಕು. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕೆಗಳಲ್ಲಿ ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2316 ಎಂದಿದ್ದರೆ ಅದು 2016ನೆಯ ಇಸವಿಯ 23ನೆಯ ವಾರದ್ದು. ಹುಡುಗನ ಕಾರಿನಲ್ಲಿದ್ದದ್ದು ಇಂಥ ಮುಪ್ಪಿನ ಟೈರುಗಳೇ. ನಾಲ್ಕು ಹೊಸ ಟೈರುಗಳು ಉಳಿದ ಹಣದಲ್ಲಿ ದೊಡ್ಡ ಪಾಲನ್ನು ನುಂಗಿದವು. ಆದರೆ ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರು ಮಾತ್ರ ಎಂಬುದನ್ನು ನೆನೆದರೆ ಆ ಖರ್ಚಿಗೆ ವ್ಯಥೆಪಡಬೇಕಾಗಿಲ್ಲ.

ಮೂರನೆಯದು, ದಾರಿಯ ನಡುವೆ ಕೈಕೊಡುವ ಭಾಗಗಳು. ಎಂಜಿನ್ನಿನೊಳಗಿನ ಕವಾಟಗಳನ್ನು ಆಡಿಸುವ ರಬ್ಬರಿನ ಟೈಮಿಂಗ್ ಬೆಲ್ಟು ಯಾವಾಗ ಬದಲಾಗಿತ್ತೆಂದು ಹಳೆಯ ಮಾಲೀಕನಿಗೆ ನೆನಪಿರಲಿಲ್ಲ. ನೆನಪಿಲ್ಲದ ಬೆಲ್ಟನ್ನು ಬದಲಾಗಿಲ್ಲವೆಂದೇ ಭಾವಿಸಬೇಕು. ರೇಡಿಯೇಟರಿಗೆ ಬರಿಯ ಕೊಳಾಯಿ ನೀರಿನ ಬದಲು ಕೂಲೆಂಟ್ ಬೇಕು. ಕಾರು ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಅಭ್ಯಾಸ ಹಲವೆಡೆ ಇದೆ. ಹಾಗೆ ಮಾಡಿದರೆ ಎಂಜಿನ್ನು ತಕ್ಕ ಶಾಖಕ್ಕೆ ಬರುವುದು ತಡವಾಗಿ ಪೆಟ್ರೋಲು ಹೆಚ್ಚು ಸುಡುತ್ತದೆ. ಇದಲ್ಲದೆ ಇಂದಿನ ಕಾಲದ ಹೊಸ ಕಾರಣವೊಂದುಂಟು. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾರುಗಳು ಬಂದದ್ದು 2023ರಿಂದ ಈಚೆಗೆ. ಹಳೆಯ ಕಾರಿನ ಪೆಟ್ರೋಲು ಕೊಳವೆಗಳ ರಬ್ಬರು ಎಥನಾಲಿನಿಂದ ಉಬ್ಬಿ, ಮೆತ್ತಗಾಗಿ, ಬಿರುಕುಬಿಟ್ಟೀತು. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಬೆಂಕಿಗೆ ಆಹ್ವಾನವಿತ್ತಂತೆ. ಎಥನಾಲನ್ನು ತಾಳುವ ಹೊಸ ಕೊಳವೆಗಳನ್ನು ಹಾಕಿಸುವುದು ಸಣ್ಣ ಖರ್ಚಿನ ದೊಡ್ಡ ಕೆಲಸ.

ನಾಲ್ಕನೆಯದಾಗಿ ಎಂಜಿನ್ನಿಗೆ ಎಣ್ಣೆ, ಅದರ ಫಿಲ್ಟರು, ಗಾಳಿಯ ಫಿಲ್ಟರು, ಮೂರು ಸ್ಪಾರ್ಕ್ ಪ್ಲಗ್ಗುಗಳು. ಇಷ್ಟನ್ನು ಬದಲಿಸಲು ಮೇಸ್ತ್ರಿಯೇ ಬೇಕೆಂದಿಲ್ಲ. ಈ ಕಾರಿನ ಎಂಜಿನ್ನು ಬೇಡುವುದು ಮೂರು ಲೀಟರಿಗೂ ಮೀರದ ಎಣ್ಣೆ. 10, 12, 14ನೆಯ ಅಳತೆಯ ಸ್ಪ್ಯಾನರುಗಳೂ ಒಂದು ಪ್ಲಗ್ ಸ್ಪ್ಯಾನರೂ ಇದ್ದರೆ ವಿದ್ಯಾರ್ಥಿ ಭಾನುವಾರದ ಬೆಳಗ್ಗೆ ಮನೆಯಂಗಳದಲ್ಲಿಯೇ ಬಹಳಷ್ಟು ಕೆಲಸ ಮುಗಿಸಬಹುದು. ಉಳಿದ ಕೂಲಿ ಟೈರಿಗೆ ಒದಗುತ್ತದೆ. ಒಂದು ನಿಯಮವನ್ನು ಮಾತ್ರ ಎಂದೂ ಮೀರಕೂಡದು: ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆಯಿಕ್ಕಬಾರದು. ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟು, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿದ ನಂತರವೇ ಕೆಲಸ.

ಹೊಸದು ಯಾವುದು, ಹಳೆಯದು ಯಾವುದು

ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಕಂಡವರಿಗೆ ಒಂದು ಕಾರು ಸತ್ತರೆ ಹತ್ತು ಕಾರುಗಳು ಬದುಕುತ್ತವೆಂಬ ಮಾತಿನ ಅರ್ಥ ತಿಳಿಯುತ್ತದೆ. ಚಿಕ್ಕ ಊರುಗಳಲ್ಲಿಯೂ ಇಂಥ ಗುಜರಿ ಅಂಗಡಿಗಳಿವೆ. ಬಡವನಿಗೆ ಅವು ಕಲ್ಪವೃಕ್ಷವೇ ಸರಿ. ಆದರೆ ಕೀಳಬೇಕಾದ ಹಣ್ಣು ಯಾವುದೆಂದು ಗೊತ್ತಿರಬೇಕು.

ಬಾಗಿಲಿನ ಗಾಜು, ಹಿಡಿ, ಕನ್ನಡಿ, ಬಂಪರು, ಸೀಟು, ಬಾಗದ ಚಕ್ರದ ರಿಮ್ಮು ಇಂಥವನ್ನು ಗುಜರಿಯಿಂದ ಧೈರ್ಯವಾಗಿ ತರಬಹುದು. ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರು ಮೊದಲಾದವನ್ನು ರಿಪೇರಿಯಾಗಿದ್ದರೆ ಪರೀಕ್ಷಿಸಿ ಕೊಳ್ಳಬಹುದು. ಆದರೆ ಬ್ರೇಕಿನ ಯಾವ ಭಾಗವನ್ನೂ, ಟೈರನ್ನೂ, ರಬ್ಬರಿನ ಬೆಲ್ಟು ಮತ್ತು ಕೊಳವೆಗಳನ್ನೂ, ಸ್ಟೀರಿಂಗಿನ ಕೀಲುಗಳನ್ನೂ ಹಳೆಯದು ಕೊಳ್ಳತಕ್ಕದ್ದಲ್ಲ. ಕೆಟ್ಟರೆ ಕಿರಿಕಿರಿಯಷ್ಟೇ ಆಗುವ ವಸ್ತು ಹಳೆಯದಿರಬಹುದು; ಕೆಟ್ಟರೆ ಪ್ರಾಣಕ್ಕೆ ಕುತ್ತು ತರುವ ವಸ್ತು ಹೊಸದೇ ಆಗಬೇಕು. ಹುಡುಗ ಈ ನಿಯಮವನ್ನು ತನ್ನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡ.

ಅಲಂಕಾರ ಬೇರೆ, ಸುಧಾರಣೆ ಬೇರೆ

ಹಾಗಾದರೆ ಹಳೆಯ ಕಾರನ್ನು ಇನ್ನಷ್ಟು ಉತ್ತಮಪಡಿಸುವ ಆಸೆಯೇ ತಪ್ಪೆ? ಅಲ್ಲ. ಹುಡುಗನ ಮೊದಲ ಪಟ್ಟಿಯಲ್ಲಿಯೂ ಒಂದು ನಿಜವಾದ ಕೊರತೆ ಅಡಗಿತ್ತು, ಅದೇ ದೀಪ. ರಾತ್ರಿ ತೀರ್ಥಹಳ್ಳಿಯ ದಾರಿಯಲ್ಲಿ ಹಳೆಯ ಕಾರಿನ ಬೆಳಕು ಹಣತೆಯಂತೆ ಮಂಕಾಗಿರುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಸರಿಹೋದೀತೆಂದು ಅನೇಕರು ತಿಳಿಯುತ್ತಾರೆ. ಕಾರಿಗೆ ಕೊಟ್ಟಿರುವುದು 60/55 ವ್ಯಾಟಿನ ಬಲ್ಬು. 100 ವ್ಯಾಟಿನದನ್ನು ತೂರಿಸಿದರೆ ತೆಳುವಾದ ಹಳೆಯ ತಂತಿಗಳು ಕಾದು, ಹೋಲ್ಡರು ಕರಗಿ, ಎದುರು ಬರುವವನ ಕಣ್ಣು ಕುರುಡಾಗುತ್ತದೆ.

ದೋಷವಿರುವುದು ಸಾಮಾನ್ಯವಾಗಿ ದಾರಿಯಲ್ಲಿ, ಬಲ್ಬಿನಲ್ಲಲ್ಲ. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಸ್ವಿಚ್ಚಿನ ಮೂಲಕ ಸುತ್ತಿ ಬರುವಷ್ಟರಲ್ಲಿ ಸೊರಗುತ್ತದೆ. ಇಂಥ ಬಲ್ಬಿಗೆ ಹತ್ತು ಪಾಲಿನಲ್ಲಿ ಒಂದು ಪಾಲು ವೋಲ್ಟೇಜು ಕಡಮೆಯಾದರೆ ಬೆಳಕು ಹೆಚ್ಚುಕಡಮೆ ಮೂರು ಪಾಲು ಕುಗ್ಗುತ್ತದೆ. ಬ್ಯಾಟರಿಯಿಂದ ನೇರವಾಗಿ, ಫ್ಯೂಸಿನೊಡನೆ ದಪ್ಪ ತಂತಿಯೆಳೆದು, ನಡುವೆ ಎರಡು ರಿಲೇಗಳನ್ನು ಕೂರಿಸಿ, ನೆಲಸಂಪರ್ಕದ ತುಕ್ಕನ್ನು ಉಜ್ಜಿ ತೆಗೆದರೆ ಅದೇ ಬಲ್ಬು ಹೊಸದರಂತೆ ಬೆಳಗುತ್ತದೆ. ಅಲಾಯ್ ಚಕ್ರದ ಬೆಲೆಯ ಸಣ್ಣದೊಂದು ಭಾಗದಲ್ಲಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯೆಯಿಂದಲೇ ಹುಡುಗ ಈ ಕೆಲಸವನ್ನು ಮುಗಿಸಿದ. ಹಿಂದಿನ ಸೀಟಿನ ಕವರಿನ ಅಡಿಯಲ್ಲಿ ಹೂತುಹೋಗಿದ್ದ ಬೆಲ್ಟುಗಳನ್ನು ಹೊರತೆಗೆದು ತೊಳೆದದ್ದು ಕಾಸಿಲ್ಲದ ಮತ್ತೊಂದು ಸುಧಾರಣೆ.

ಉಳಿದ ಆಸೆಗಳಿಗೆ ಕಾಯಿದೆಯೂ ಅಡ್ಡಬರುತ್ತದೆ. ತಯಾರಕರು ಗೊತ್ತುಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಗುಡುಗುವ ಸೈಲೆನ್ಸರು ನೆರೆಯವರ ನಿದ್ರೆಯನ್ನು ಕೆಡಿಸುವುದಲ್ಲದೆ ದಂಡವನ್ನೂ ತಂದೀತು. ಅತಿ ಅಗಲದ ಟೈರು ಸ್ಟೀರಿಂಗನ್ನು ಭಾರವಾಗಿಸಿ, ಪುಟ್ಟ ಎಂಜಿನ್ನಿನ ಮೇಲೆ ಹೊರೆ ಹೇರಿ, ತಿರುವಿನಲ್ಲಿ ಮೈಗೆ ಉಜ್ಜುತ್ತದೆ.

ಮತ್ತೊಂದು ಮಿತಿಯನ್ನು ಯಾವ ಹಣದಿಂದಲೂ ದಾಟಲಾಗದು. ಚಾಲಕನಿಗೆ ಗಾಳಿಚೀಲ ಭಾರತದಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಮಾರುತಿ 800 ಅದಕ್ಕೆ ಎಷ್ಟೋ ಮೊದಲಿನದು. ತೆಳುವಾದ ತಗಡಿನ ಈ ಕಾರಿಗೆ ಅದನ್ನು ಆಮೇಲೆ ಜೋಡಿಸಲು ಬರುವುದಿಲ್ಲ. ಆ ಕೊರತೆಯನ್ನು ಚಾಲಕನ ವೇಗಮಿತಿಯೇ ತುಂಬಿಕೊಡಬೇಕು.

ಘಾಟಿಯ ಪರೀಕ್ಷೆ

ರಜೆ ಬಂತು. ಕಾರಿಗೆ ಹೊಸ ಬಣ್ಣವಿಲ್ಲ, ಹಾಡಿಲ್ಲ, ಚಕ್ರಗಳಿಗೆ ಹೊಳಪಿಲ್ಲ. ನೋಂದಣಿಯ ನವೀಕರಣ ಮಾತ್ರ ಮೊದಲನೆಯ ಪರೀಕ್ಷೆಯಲ್ಲಿಯೇ ಆಗಿತ್ತು. ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ದಾರಿಯ ಪೆಟ್ರೋಲಿಗೆ ಸಾಕಾಗುವಷ್ಟು. ತೀರ್ಥಹಳ್ಳಿ ದಾಟಿ ಆಗುಂಬೆಯ ನೆತ್ತಿ ತಲಪಿದಾಗ ಮಂಜು ಕವಿದು ಸಣ್ಣಗೆ ಮಳೆ ಹನಿಯುತ್ತಿತ್ತು. ಮುಂದೆ ಹದಿನಾಲ್ಕು ತಿರುವುಗಳ ಇಳಿಜಾರು.

ಮೇಸ್ತ್ರಿ ಹೇಳಿಕೊಟ್ಟಂತೆ ಹುಡುಗ ಇಳಿಯುವ ಮೊದಲೇ ಎರಡನೆಯ ಗೇರಿಗೆ ಬಂದ. ಎಂಜಿನ್ನೇ ಕಾರನ್ನು ತಡೆದು ಹಿಡಿಯಿತು. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾತ್ರ ಬಳಸಿದ. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕುಳಿತ ತಾಯಿ ದೇವರ ನಾಮ ಹೇಳಿಕೊಳ್ಳುತ್ತಿದ್ದರು. ಆರನೆಯ ತಿರುವಿನಲ್ಲಿ ಮೇಲಕ್ಕೆ ಬರುತ್ತಿದ್ದ ಬಸ್ಸೊಂದು ಮಂಜಿನೊಳಗಿಂದ ಏಕಾಏಕಿ ಎದುರಾಯಿತು. ಹುಡುಗ ಪೆಡಲು ಒತ್ತಿದ. ಕಾರು ಅತ್ತಿತ್ತ ಎಳೆಯದೆ, ಜಾರದೆ, ಗೆರೆ ಹೊಡೆದಂತೆ ನಿಂತಿತು. ಬಸ್ಸು ದಾಟಿಹೋಯಿತು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಟೈರಿನ ದುಡ್ಡು ಹೆಚ್ಚಾಯ್ತು ಅಂತ ಅಂದಿದ್ದೆ ಕಣೋ’ ಎಂದರು. ಮಗ ‘ಹೂಂ ಅಪ್ಪ’ ಎಂದು ಗೇರು ಹಾಕಿದ.

ಹಳೆಯ ಕಾರನ್ನು ಕೊಳ್ಳುವ ತರುಣರಿಗೆ ಹಿರಿಯರು ಬೇಡವೆನ್ನಬೇಕಾಗಿಲ್ಲ. ಅವರ ಪಟ್ಟಿಯನ್ನು ಒಮ್ಮೆ ಕೇಳಿ ನೋಡಿದರೆ ಸಾಕು. ಅದರಲ್ಲಿ ಬ್ರೇಕು ಎಷ್ಟನೆಯದು ಎಂಬುದರಿಂದಲೇ ಕಾರನ್ನು ಕೊಡಿಸಬಹುದೋ ಬಾರದೋ ಎಂಬುದು ತಿಳಿದುಹೋಗುತ್ತದೆ. ಹುಡುಗನ ಮೊದಲ ಪಟ್ಟಿಯಲ್ಲಿದ್ದ ಸ್ಪೀಕರು ಮುಂದಿನ ವರ್ಷಕ್ಕೆ ಉಳಿಯಿತು. ಅಲ್ಲಿಯವರೆಗೆ ಹಾಡಲು ತಾಯಿ ಇದ್ದೇ ಇದ್ದಾರೆ.